ಜ್ವಾಲಾಮುಖಿಯ ಬೂದಿ ಬಂದರೆ ಉಸಿರು ಕಾಪಾಡಿಕೊಳ್ಳುವುದು ಹೇಗೆ: ಕರಾವಳಿಯವರಿಗೊಂದು ಕೈಪಿಡಿ

2025ರ ನವೆಂಬರ್ 24, ಸೋಮವಾರ ಸಂಜೆ. ಕುಮಟೆಯ ನಮ್ಮ ಮನೆಯಲ್ಲಿ ದೇವರ ದೀಪ ಹಚ್ಚುವ ಹೊತ್ತಿಗೆ ಮಸ್ಕತ್‌ನಲ್ಲಿರುವ ತಮ್ಮನ ಫೋನ್ ಬಂತು. “ಅಕ್ಕಾ, ಇಥಿಯೋಪಿಯಾದಲ್ಲಿ ಜ್ವಾಲಾಮುಖಿ ಸಿಡಿದದಂತೆ. ಬೂದಿ ಇತ್ಲಾಗೇ ಬರ್ತದಂತೆ. ಮೂಗಿಗೆ ಒದ್ದೆ ಟವೆಲ್ ಕಟ್ಕಂಡ್ರೆ ಸಾಕಾ?” ಅವನಿಗೆ ಚಿಕ್ಕಂದಿನಿಂದ ದಮ್ಮು. ಮಳೆಗಾಲದ ಥಂಡಿಗೂ ಅಟ್ಟದ ದೂಳಿಗೂ ಎದೆಯಲ್ಲಿ ಸುಂಯ್ ಎನ್ನಲು ಶುರುವಾಗುವ ಜೀವ.

ಟವೆಲ್ ಅಂದದ್ದೇ ನನಗೆ ಚಿಕ್ಕಪ್ಪ ಕಣ್ಣ ಮುಂದೆ ಬಂದರು. ಜಲ್ಲಿ ಕ್ರಷರ್ ಒಂದರಲ್ಲಿ ಇಪ್ಪತ್ತೆರಡು ವರ್ಷ ದುಡಿದವರು ಅವರು. ದಿನಾ ಬೆಳಿಗ್ಗೆ ಬಚ್ಚಲಲ್ಲಿ ಟವೆಲ್ ನೆನೆಸಿ, ಹಿಂಡಿ, ಮೂಗು ಬಾಯಿ ಮುಚ್ಚುವಂತೆ ಸುತ್ತಿಕೊಂಡೇ ಸೈಕಲ್ ಹತ್ತುತ್ತಿದ್ದರು. ಐವತ್ತೈದಕ್ಕೆಲ್ಲ ಅಂಗಳದಿಂದ ಜಗಲಿಗೆ ಮೂರು ಮೆಟ್ಟಿಲು ಹತ್ತಿದರೆ ಕಂಬ ಹಿಡಿದು ಕೂತುಬಿಡುವ ಸ್ಥಿತಿ. ಎರಡು ಸಲ ಕ್ಷಯದ ಔಷಧಿ ಆಯಿತು. ಕೊನೆಗೆ ಒಬ್ಬ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, “ಎಷ್ಟು ವರ್ಷ ಕಲ್ಲಿನ ದೂಳಲ್ಲಿ ಇದ್ರಿ?” ಎಂದು ಕೇಳಿದರು. ಅಲ್ಲಿಯವರೆಗೆ ಆ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. ಕಲ್ಲಿನ ದೂಳು ಶ್ವಾಸಕೋಶದಲ್ಲಿ ಕೂತು ಬರುವ ಕಾಯಿಲೆ, ಸಿಲಿಕೋಸಿಸ್ ಎಂಬ ಹೆಸರು ನಮ್ಮ ಮನೆಗೆ ಬಂದದ್ದು ಹಾಗೆ. “ಟವೆಲ್ ಕಟ್ಕಂಡೇ ಹೋಗ್ತಿದ್ನಲ್ಲೇ ಮಗಾ” ಎಂದು ಕೊನೆಯವರೆಗೂ ನನ್ನ ಹತ್ತಿರ ಹೇಳುತ್ತಿದ್ದರು.

ಹಾಗಾಗಿ ಆ ಸಂಜೆ ತಮ್ಮನಿಗೆ ಅವಸರದಲ್ಲಿ ಹೇಳಿದ್ದನ್ನು ಇಲ್ಲಿ ನಿಧಾನವಾಗಿ ಬರೆಯುತ್ತಿದ್ದೇನೆ. ಕೊಲ್ಲಿಯಲ್ಲಿ ದುಡಿಯುವ ಭಟ್ಕಳ, ಹೊನ್ನಾವರದವರು, ಹಡಗಿನ ಕೆಲಸದಲ್ಲಿರುವ ಕಾರವಾರದವರು, ಮದುವೆ ಮುಗಿಸಿ ಬಾಲಿಗೆ ಹೊರಟ ಶಿರಸಿಯ ಜೋಡಿಗಳು, ಜಪಾನ್, ಇಂಡೋನೇಷ್ಯಾ, ಫಿಲಿಪ್ಪೀನ್ಸ್ ಕಡೆ ಓದಲು ಹೋದ ಮಕ್ಕಳು, ಇವರಿಗೆಲ್ಲ ಇದು ನೇರವಾಗಿ ಬೇಕಾದೀತು. ಊರಲ್ಲೇ ಕಲ್ಲಿನ ದೂಳಿನ ನಡುವೆ ಇರುವವರಿಗೆ ಇನ್ನೂ ಹೆಚ್ಚಾಗಿ ಬೇಕು.

ಬೂದಿ ಎಂದರೆ ಏನು

ಯಾಣಕ್ಕೆ ಹೋದವರಿಗೆ ಗೊತ್ತು, ಆ ಕರಿ ಬಂಡೆಗಳ ಬುಡದ ಮಣ್ಣೂ ಕಪ್ಪು. ಮೋಹಿನಿಯ ಕುಣಿತಕ್ಕೆ ಮರುಳಾದ ಭಸ್ಮಾಸುರ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟುಕೊಂಡು ಉರಿದುಹೋದ ಜಾಗ, ಆ ಮಣ್ಣು ಅವನದೇ ಬೂದಿ ಎಂಬುದು ಕತೆ. ಅಲ್ಲಿನದು ಜ್ವಾಲಾಮುಖಿಯ ಕಲ್ಲು ಎಂದು ಹೇಳುವವರೂ ಇದ್ದಾರೆ. ಯಾಣದ್ದು ಸುಣ್ಣಕಲ್ಲು. ಜ್ವಾಲಾಮುಖಿಯ ಕಲ್ಲು ಹತ್ತಿರದಲ್ಲೇ ನೋಡಬೇಕೆಂದರೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬೇಕು. ಅಲ್ಲಿನ ಕಂಬದಂಥ ಬಂಡೆಗಳು ಕೋಟ್ಯಂತರ ವರ್ಷಗಳ ಹಿಂದೆ ಲಾವಾ ತಣಿದು ಆದವು.

ನಮಗೆ ಬೂದಿ ಅಂದರೆ ಬಚ್ಚಲ ಒಲೆಯದು. ಅದರಲ್ಲಿ ಪಾತ್ರೆ ತಿಕ್ಕಿದ್ದೇವೆ, ತೊಂಡೆ ಚಪ್ಪರಕ್ಕೆ ಎರಚಿದ್ದೇವೆ, ಹಲ್ಲೂ ಉಜ್ಜಿದ್ದೇವೆ. ಕಟ್ಟಿಗೆ ಉರಿದು ಉಳಿದ ಮೆತ್ತನೆಯ ಪುಡಿ ಅದು. ಜ್ವಾಲಾಮುಖಿಯಿಂದ ಬರುವುದಕ್ಕೂ ಇದಕ್ಕೂ ಬಣ್ಣ ಬಿಟ್ಟರೆ ಬೇರೆ ನಂಟಿಲ್ಲ. ಭೂಮಿಯೊಳಗಿನ ಕರಗಿದ ಕಲ್ಲಿನಲ್ಲಿ ಅನಿಲ ಅಡಗಿರುತ್ತದೆ. ಮೇಲೇರುತ್ತ ಒತ್ತಡ ಇಳಿದಾಗ, ಗೋಲಿ ಸೋಡಾದ ಗೋಲಿ ಒತ್ತಿದಂತೆ, ಆ ಅನಿಲ ಒಮ್ಮೆಲೇ ಉಬ್ಬಿ ಕಲ್ಲನ್ನು ನುಚ್ಚುನೂರು ಮಾಡಿ ಮೇಲಕ್ಕೆ ಚಿಮ್ಮುತ್ತದೆ. ಕರಗಿದ ಹನಿಗಳು ಗಾಳಿಯಲ್ಲೇ ತಣಿದು ಗಾಜಾಗುತ್ತವೆ. 2 ಮಿಲಿಮೀಟರಿಗಿಂತ ಸಣ್ಣದಾದ ಎಲ್ಲ ಚೂರಿಗೂ ಬೂದಿ ಎಂದೇ ಹೆಸರಿಟ್ಟಿದ್ದಾರೆ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಒಡೆದ ಬಳೆಯ ಚೂರಿನಂತೆ ಮೊನಚು. ನೀರಿನಲ್ಲಿ ಕರಗುವುದಿಲ್ಲ. ಹೊಸದಾಗಿ ಬಿದ್ದದ್ದರ ಮೈಗೆ ಗಂಧಕದ ಮತ್ತು ಬೇರೆ ಆಮ್ಲಗಳ ತೆಳು ಲೇಪ ಅಂಟಿರುತ್ತದೆ. ಮೂಗು ಗಂಟಲು ಉರಿಯುವುದಕ್ಕೆ ಅದೂ ಒಂದು ಕಾರಣ.

ಆದ್ದರಿಂದ ಬೂದಿ ಎಂಬ ಮಾತು ಕಿವಿಗೆ ಬಿದ್ದಾಗ ಒಲೆಯನ್ನು ಮರೆತು ಕ್ರಷರ್ ಪುಡಿಯನ್ನು ನೆನೆಸಿಕೊಳ್ಳಿ. ಮುಂದೆ ಹೇಳುವ ಒಂದೊಂದು ಮಾತೂ ಅದರಿಂದಲೇ ಹೊರಡುತ್ತದೆ.

ಎದೆಯೊಳಗೆ ಎಷ್ಟು ದೂರ ಹೋಗುತ್ತದೆ

ಮಿಲಿಮೀಟರಿನ ಸಾವಿರದಲ್ಲೊಂದು ಭಾಗಕ್ಕೆ ಮೈಕ್ರಾನ್ ಎನ್ನುತ್ತಾರೆ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದಿಟ್ಟುಕೊಳ್ಳಿ. ಬೂದಿಯಲ್ಲಿ ಮರಳಿನಂಥ ದೊಡ್ಡ ಕಣಗಳು ಮೂಗಿನಲ್ಲೇ ಸಿಕ್ಕಿಬೀಳುತ್ತವೆ, ಸೀನಿದರೆ ಹೊರಗೆ. 10 ಮೈಕ್ರಾನಿಗಿಂತ ಸಣ್ಣವು ಗಂಟಲು ದಾಟಿ ಶ್ವಾಸನಾಳಕ್ಕೆ ಇಳಿಯುತ್ತವೆ. ಕೆಮ್ಮು, ಕಫ, ದಮ್ಮು ಕೆರಳುವುದು ಇಲ್ಲಿ. 4 ಮೈಕ್ರಾನಿಗಿಂತ ಸಣ್ಣವು ಶ್ವಾಸಕೋಶದ ತುದಿಯ ಗಾಳಿ ಚೀಲಗಳ ತನಕ ಹೋಗಿ ಕೂರಬಲ್ಲವು. ಅಷ್ಟು ಒಳಗಿನದನ್ನು ಕೆಮ್ಮಿ ಹೊರಹಾಕಲು ಆಗುವುದಿಲ್ಲ.

ಆರೋಗ್ಯವಂತರಿಗೆ ಒಂದೆರಡು ದಿನದ ಬೂದಿಯಿಂದ ಸಾಮಾನ್ಯವಾಗಿ ಆಗುವುದು ಮೂಗು ಸೋರುವುದು, ಗಂಟಲು ಕೆರೆತ, ಒಣ ಕೆಮ್ಮು, ಕಣ್ಣುರಿ. ಗಾಳಿ ತಿಳಿಯಾದ ಮೇಲೆ ಕಡಿಮೆಯಾಗುತ್ತದೆ. ಅದಕ್ಕಾಗಿ ಗಾಬರಿ ಬೇಡ. ದಮ್ಮು, ದೀರ್ಘಕಾಲದ ಕಫದ ಕಾಯಿಲೆ, ಹೃದಯದ ತೊಂದರೆ ಇದ್ದವರ ಲೆಕ್ಕವೇ ಬೇರೆ. 1980ರ ಮೇ 18ರಂದು ಅಮೆರಿಕದ ಸೇಂಟ್ ಹೆಲೆನ್ಸ್ ಸಿಡಿದು ಬೂದಿ ಬಿದ್ದ ಊರುಗಳಲ್ಲಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಉಬ್ಬಸ, ಬ್ರಾಂಕೈಟಿಸ್ ಎಂದು ಬರುವವರ ಸಂಖ್ಯೆ ಏರಿತ್ತು.

ಮೂರನೆಯದು ವರ್ಷಗಟ್ಟಲೆ ಉಸಿರಾಡಿದರೆ ಆಗುವುದು. ಕೆಲವು ಜ್ವಾಲಾಮುಖಿಗಳ ಬೂದಿಯಲ್ಲಿ ಹರಳು ರೂಪದ ಸಿಲಿಕಾ ಹೆಚ್ಚು, ಸಿಲಿಕೋಸಿಸ್ ತರುವ ಖನಿಜ ಅದೇ. ಕೆರಿಬಿಯನ್ನಿನ ಮಾಂಟ್ಸೆರಾಟ್ ದ್ವೀಪದಲ್ಲಿ 1995ರಿಂದ ಸಿಡಿಯತೊಡಗಿದ ಸೂಫ್ರಿಯೇರ್ ಹಿಲ್ಸ್‌ನ ಬೂದಿಯಲ್ಲಿ ಕ್ರಿಸ್ಟೊಬಲೈಟ್ ಎಂಬ ಸಿಲಿಕಾ ಸಿಕ್ಕಿದ್ದರಿಂದ ಅಲ್ಲಿನ ಜನರ ಉಸಿರಿನ ಬಗ್ಗೆ ದೀರ್ಘ ಅಧ್ಯಯನಗಳೇ ನಡೆದವು. ಒಂದು ವಾರ ಬೂದಿಯಲ್ಲಿ ಇದ್ದು ಬಂದ ಪ್ರವಾಸಿಗೆ ಸಿಲಿಕೋಸಿಸ್ ಬರುವುದಿಲ್ಲ. ವರ್ಷಗಟ್ಟಲೆ ಅದನ್ನೇ ಗುಡಿಸಿ, ತುಂಬಿ, ಸಾಗಿಸುವ ಕೂಲಿಯವರಿಗೆ ಆ ಭಯ ಇದೆ.

ಮೊದಲ ಹೆಜ್ಜೆ: ಬೂದಿ ನೆಲಕ್ಕೆ ಬೀಳುತ್ತಿದೆಯೋ, ತಲೆಯ ಮೇಲೆ ಹಾದುಹೋಗುತ್ತಿದೆಯೋ ನೋಡಿಕೊಳ್ಳಿ

ಇದನ್ನು ಸರಿಯಾಗಿ ತಿಳಿಯದೆ ಆ ವಾರ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎಷ್ಟು ಜನ ಹೆದರಿಕೊಂಡರು! ಇಥಿಯೋಪಿಯಾದ ಅಫಾರ್ ಪ್ರಾಂತ್ಯದ ಹೇಲಿ ಗುಬ್ಬಿ ನವೆಂಬರ್ 23ರಂದು ಸಿಡಿಯಿತು. ಅದು ಸಿಡಿದ ದಾಖಲೆಯೇ ಅದಕ್ಕೂ ಮೊದಲು ಇರಲಿಲ್ಲ. ಭೂಪಟದಲ್ಲಿ ಬೆರಳಿಟ್ಟು ನೋಡಿದರೆ ಅದು ಹೆಚ್ಚುಕಡಿಮೆ ನಮ್ಮ ಭಟ್ಕಳದ ಅಕ್ಷಾಂಶದಲ್ಲೇ ಇದೆ, ಸುಮಾರು ಮೂರೂವರೆ ಸಾವಿರ ಕಿಲೋಮೀಟರ್ ಪಶ್ಚಿಮಕ್ಕೆ. ಆದರೂ ಬೂದಿ ನೇರ ನಮ್ಮ ಕಡೆಗೆ ಬರಲಿಲ್ಲ. ಮೇಲಿನ ಗಾಳಿ ಅದನ್ನು ಕೆಂಪು ಸಮುದ್ರ, ಯೆಮನ್, ಒಮಾನ್ ದಾಟಿಸಿ ಈಶಾನ್ಯಕ್ಕೆ ಎಳೆದುಕೊಂಡು ಗುಜರಾತ್, ರಾಜಸ್ಥಾನ, ದೆಹಲಿ ಮೇಲಿಂದ ಒಯ್ದು ಚೀನಾದ ಕಡೆ ಬಿಟ್ಟಿತು. ನಮ್ಮ ದೇಶದ ಮೇಲೆ ಹಾಯುವಾಗ ಅದು ವಿಮಾನ ಹಾರುವ ಎತ್ತರದಲ್ಲಿತ್ತು. ಭಾರದ ಕಣಗಳು ದಾರಿಯಲ್ಲೇ ಉದುರಿ, ಹಗುರಾದವು ಮಾತ್ರ ಅಷ್ಟು ದೂರ ಬಂದಿದ್ದವು. ತಮ್ಮನಿದ್ದ ಕಟ್ಟಡದ ಮೇಲೂ ಕಣ್ಣಿಗೆ ಕಾಣುವಂಥದ್ದೇನೂ ಬೀಳಲಿಲ್ಲ.

ಹಾಗಾದರೆ ಆ ದಿನಗಳಲ್ಲಿ ಹಲವು ವಿಮಾನಗಳು ಏಕೆ ರದ್ದಾದವು? ಕಣ್ಣೂರಿನಿಂದ ಅಬುಧಾಬಿಗೆ ಹೊರಟ ವಿಮಾನ ಅಹಮದಾಬಾದಿಗೆ ತಿರುಗಿದ್ದು ನೆನಪಿರಬಹುದು. ಎಂಜಿನ್ನಿನ ಬಿಸಿಗೆ ಆ ಗಾಜಿನ ಪುಡಿ ಮತ್ತೆ ಕರಗಿ ಒಳಗೆ ಅಂಟಿಕೊಳ್ಳುತ್ತದೆ. 1982ರ ಜೂನ್‌ನಲ್ಲಿ ಇಂಡೋನೇಷ್ಯಾದ ಗಲುಂಗ್‌ಗುಂಗ್ ಬೂದಿಯೊಳಗೆ ಹೊಕ್ಕ ಬ್ರಿಟಿಷ್ ಏರ್‌ವೇಸ್ ವಿಮಾನದ ನಾಲ್ಕೂ ಎಂಜಿನ್ ನಿಂತಿದ್ದವು. ಪುಣ್ಯಕ್ಕೆ ಕೆಳಗಿಳಿದ ಮೇಲೆ ಮತ್ತೆ ಚಾಲೂ ಆದವು. ಹೀಗಾಗಿ ವಿಮಾನ ರದ್ದಾದ ಸುದ್ದಿಯಿಂದ ನಿಮ್ಮ ಊರಿನ ಗಾಳಿಯ ಅಂದಾಜು ಕಟ್ಟಬೇಡಿ. ಗಾಳಿ ಹೇಗಿದೆ ಎಂದು ತಿಳಿಯಲು ಆ ದೇಶದ ಹವಾಮಾನ ಇಲಾಖೆಯ ಪ್ರಕಟಣೆ ನೋಡಿ. ನಮ್ಮಲ್ಲಾದರೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮೀರ್ ಆ್ಯಪ್‌ನಲ್ಲಿ ಪಿಎಂ 10, ಪಿಎಂ 2.5 ನೋಡಬಹುದು, ಅಂದರೆ ಗಾಳಿಯಲ್ಲಿ 10 ಮತ್ತು 2.5 ಮೈಕ್ರಾನಿಗಿಂತ ಸಣ್ಣ ಕಣಗಳ ಲೆಕ್ಕ. ಇಪ್ಪತ್ನಾಲ್ಕು ಗಂಟೆಯ ಸರಾಸರಿಗೆ ನಮ್ಮ ದೇಶದ ಮಿತಿ ಘನ ಮೀಟರಿಗೆ ಪಿಎಂ 10ಕ್ಕೆ 100 ಮೈಕ್ರೊಗ್ರಾಂ, ಪಿಎಂ 2.5ಕ್ಕೆ 60.

ಬೂದಿ ನಿಜವಾಗಿ ಬೀಳುತ್ತಿದ್ದರೆ ಯಾವ ಆ್ಯಪ್ಪೂ ಬೇಡ. ಸ್ಕೂಟರಿನ ಸೀಟಿನ ಮೇಲೆ ಬೆರಳಾಡಿಸಿ. ಬೂದು ಪುಡಿ ಹತ್ತಿ, ಬೆರಳ ನಡುವೆ ಉಜ್ಜಿದಾಗ ಮರಳಿನ ಹಾಗೆ ಕರಕರ ಅಂದರೆ ಅದೇ.

ನಮ್ಮ ಕರಾವಳಿಯ ಮೇಲೆ ಎಂದೂ ಬೀಳುವುದಿಲ್ಲವೇ? ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ತೋಬಾ ಸಿಡಿದಾಗ ಬೂದಿ ನಮ್ಮ ದೇಶದ ಉದ್ದಗಲಕ್ಕೂ ಬಿದ್ದಿತ್ತು. ಆಂಧ್ರದ ಜ್ವಾಲಾಪುರಂನಲ್ಲಿ ಅದರ ಪದರ ಇಂದಿಗೂ ಸಿಗುತ್ತದೆ. ಅಂಥದ್ದು ಮನುಷ್ಯರ ಲೆಕ್ಕದ ಕಾಲದಲ್ಲಿ ನಡೆಯುವ ಮಾತಲ್ಲ. ದೇಶದ ಏಕೈಕ ಸಕ್ರಿಯ ಜ್ವಾಲಾಮುಖಿ ಬ್ಯಾರನ್ ದ್ವೀಪ ಇರುವುದು ಅಂಡಮಾನಿನಲ್ಲಿ, ಅಲ್ಲಿ ಜನವಸತಿಯೂ ಇಲ್ಲ. ಕಾರವಾರದಲ್ಲಿ ಕೂತವರು ಜ್ವಾಲಾಮುಖಿಗೆ ಹೆದರಿ ನಿದ್ದೆಗೆಡುವುದು ಬೇಡ. ಹೋಗುವ ಊರು ಜ್ವಾಲಾಮುಖಿಯ ಪಕ್ಕದ್ದಾದರೆ ಮುಂದಿನ ಹೆಜ್ಜೆಗಳನ್ನು ಓದಿಕೊಂಡೇ ಹೋಗಿ.

ಎರಡನೆಯ ಹೆಜ್ಜೆ: ಮಾಸ್ಕ್ ಈಗಲೇ ತಂದಿಡಿ

ಟವೆಲ್ಲಿನ ವಿಷಯಕ್ಕೆ ಬರುತ್ತೇನೆ. ಬಟ್ಟೆ ಒದ್ದೆ ಮಾಡಿದರೆ ದೂಳು ಅದಕ್ಕೇ ಅಂಟುತ್ತದೆ, ಒಳಗೆ ಬರುವುದಿಲ್ಲ ಎಂಬುದು ಎಲ್ಲ ದೇಶಗಳಲ್ಲೂ ಇರುವ ನಂಬಿಕೆ. ಬ್ರಿಟನ್ನಿನ ಡರ್ಹಮ್ ವಿಶ್ವವಿದ್ಯಾಲಯದ ಸಂಶೋಧಕರು ಮುಂದೆ ನಿಂತು, ನಿಜವಾದ ಜ್ವಾಲಾಮುಖಿ ಬೂದಿಯನ್ನೇ ಬಳಸಿ ಬಗೆಬಗೆಯ ಬಟ್ಟೆ, ಮಾಸ್ಕುಗಳನ್ನು ಪರೀಕ್ಷಿಸಿದರು. ನೆನೆಸಿದ್ದರಿಂದ ಬಟ್ಟೆ ಹೆಚ್ಚು ಸೋಸಲಿಲ್ಲ. ಒಂದೆರಡು ಮಡಿಕೆಯ ಕರವಸ್ತ್ರ ತಡೆಯುವುದೂ ತೀರಾ ಕಡಿಮೆ. ಕೈಗೆ ಬೇರೇನೂ ಸಿಗದಾಗ ದಪ್ಪ ಬಟ್ಟೆಯನ್ನು ಹಲವು ಮಡಿಕೆ ಮಾಡಿ ಕಟ್ಟಿಕೊಳ್ಳಿ, ಏನೂ ಇಲ್ಲದ್ದಕ್ಕಿಂತ ವಾಸಿ. ಅದನ್ನು ನಂಬಿ ಗಂಟೆಗಟ್ಟಲೆ ಹೊರಗೆ ನಿಲ್ಲಬೇಡಿ. ಚಿಕ್ಕಪ್ಪ ನಂಬಿದ್ದು ಅದನ್ನೇ.

ಸರ್ಜಿಕಲ್ ಮಾಸ್ಕಿನ ಬಟ್ಟೆ ಚೆನ್ನಾಗಿಯೇ ಸೋಸುತ್ತದೆ. ಅದರ ಸಮಸ್ಯೆ ಕೆನ್ನೆಯ ಪಕ್ಕದ ಸಂದು. ಗಾಳಿ ಸುಲಭದ ದಾರಿ ಹುಡುಕುತ್ತದೆ, ಸಂದಿನಿಂದಲೇ ಒಳಗೆ ಬರುತ್ತದೆ.

ಬೇಕಾದದ್ದು ಸಣ್ಣ ದೂಳನ್ನೂ ಸೋಸುವ ಬಿಗಿ ಮಾಸ್ಕ್, ಎನ್95 ಅಥವಾ ಎಫ್‌ಎಫ್‌ಪಿ2. ಎನ್95 ಎಂದರೆ 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ ಕನಿಷ್ಠ 95ನ್ನು ತಡೆಯುವಂಥದ್ದು. ನಮ್ಮಲ್ಲಿ ಎಫ್‌ಎಫ್‌ಪಿ2 ಕೊಳ್ಳುವಾಗ ಐಎಸ್ 9473 ಎಂಬ ಗುರುತು ಮತ್ತು ಐಎಸ್‌ಐ ಮುದ್ರೆ ನೋಡಿ ಕೊಳ್ಳಿ. ಕಿವಿಗೆ ಸಿಕ್ಕಿಸುವ ದಾರಕ್ಕಿಂತ ತಲೆಯ ಹಿಂದೆ ಹೋಗುವ ಎರಡು ಪಟ್ಟಿಯದು ಮುಖಕ್ಕೆ ಬಿಗಿಯಾಗಿ ಕೂರುತ್ತದೆ. ಮುಂದೆ ಚಿಕ್ಕ ಕವಾಟ ಇದ್ದರೆ ದೂಳಿಗೆ ಅಡ್ಡಿಯಿಲ್ಲ, ಸೆಕೆಯಲ್ಲಿ ಉಸಿರು ಬಿಡಲು ಹಗುರ.

ಹಾಕಿಕೊಳ್ಳುವ ಬಗೆಯಲ್ಲಿ ಅರ್ಧ ಕೆಲಸ ಇದೆ. ಒಂದು ಪಟ್ಟಿ ನೆತ್ತಿಯ ಹಿಂದೆ, ಇನ್ನೊಂದು ಕುತ್ತಿಗೆಯ ಮೇಲೆ. ಮೂಗಿನ ಮೇಲಿನ ಲೋಹದ ಪಟ್ಟಿಯನ್ನು ಎರಡೂ ಕೈಯ ಬೆರಳಿನಿಂದ ಒತ್ತಿ ಮೂಗಿನ ಆಕಾರಕ್ಕೆ ತನ್ನಿ. ಅಂಗೈಗಳಿಂದ ಮಾಸ್ಕ್ ಮುಚ್ಚಿ ಜೋರಾಗಿ ಉಸಿರೆಳೆಯಿರಿ, ಮಾಸ್ಕ್ ಮುಖಕ್ಕೆ ಒತ್ತಿಕೊಳ್ಳಬೇಕು. ಕಣ್ಣಿನ ಹತ್ತಿರವೋ ಕೆನ್ನೆಯ ಹತ್ತಿರವೋ ತಣ್ಣಗೆ ಗಾಳಿ ಸುಳಿದರೆ ಸಂದು ಇದೆ ಎಂದೇ ಅರ್ಥ, ಸರಿಮಾಡಿ. ಗಡ್ಡದ ಮೇಲೆ ಯಾವ ಮಾಸ್ಕೂ ಬಿಗಿಯಾಗಿ ಕೂರುವುದಿಲ್ಲ. ಗಡ್ಡ ಬಿಡುವುದು ಕೆಲವರಿಗೆ ಶ್ರದ್ಧೆಯ ವಿಷಯ, ತೆಗೆಯಿರಿ ಎಂದು ಹೇಳುವವಳು ನಾನಲ್ಲ. ಅಂಥವರು ಹೊರಗೆ ಇರುವ ಹೊತ್ತನ್ನೇ ಕಡಿಮೆ ಮಾಡಿಕೊಳ್ಳಬೇಕು. ಉಸಿರೆಳೆಯುವುದು ಕಷ್ಟವಾದಾಗ, ಒದ್ದೆಯಾದಾಗ, ಒಳಗೆ ಕೊಳೆ ಕಂಡಾಗ ಎಸೆಯಿರಿ. ತೊಳೆದು ಒಣಗಿಸಿ ಮತ್ತೆ ಹಾಕುವ ವಸ್ತು ಅಲ್ಲ ಅದು.

ಎರಡು ವರ್ಷದೊಳಗಿನ ಮಗುವಿಗೆ ಮಾಸ್ಕ್ ಹಾಕಲೇಬಾರದು. ಚಿಕ್ಕ ಮಕ್ಕಳ ಮುಖಕ್ಕೆ ದೊಡ್ಡವರದ್ದು ಕೂರುವುದೂ ಇಲ್ಲ. ಅವರನ್ನು ಒಳಗೆ ಇಟ್ಟುಕೊಳ್ಳುವುದೇ ರಕ್ಷಣೆ. ಹೃದಯದ, ಶ್ವಾಸಕೋಶದ ಕಾಯಿಲೆ ಇರುವವರಿಗೆ ಎನ್95 ಹಾಕಿಕೊಂಡು ಉಸಿರಾಡುವುದೇ ಶ್ರಮವಾಗಬಹುದು. ಮುಂಚೆಯೇ ಡಾಕ್ಟರನ್ನು ಕೇಳಿಡಿ.

ಇನ್ನೊಂದು ಮಾತು. ಜ್ವಾಲಾಮುಖಿಯ ಹತ್ತಿರ ಗಂಧಕದ ಡೈಆಕ್ಸೈಡ್‌ನಂಥ ಅನಿಲಗಳೂ ಇರುತ್ತವೆ. ಸುಟ್ಟ ಬೆಂಕಿಕಡ್ಡಿಯ ಘಾಟು, ಕಣ್ಣಲ್ಲಿ ನೀರು, ಎದೆ ಬಿಗಿತ ಬಂದರೆ ಎನ್95 ಅದನ್ನು ತಡೆಯುವುದಿಲ್ಲ. ಅಲ್ಲಿಂದ ದೂರ, ಗಾಳಿ ಬೀಸಿ ಬರುವ ದಿಕ್ಕಿಗೆ ಹೋಗಬೇಕು.

ಮೂರನೆಯ ಹೆಜ್ಜೆ: ದಮ್ಮು ಇರುವವರ ಚೀಲ

ತಮ್ಮನಿಗೆ ನಾನು ಮೊದಲು ಕೇಳಿದ್ದು, “ಇನ್ಹೇಲರ್‌ನಲ್ಲಿ ಔಷಧಿ ಎಷ್ಟು ಉಳಿದದೆ ನೋಡು” ಎಂದು. ಎರಡು ಬಗೆಯ ಇನ್ಹೇಲರ್ ಇರುತ್ತದೆ. ಒಂದು ದಿನಾ ತೆಗೆದುಕೊಳ್ಳಬೇಕಾದ್ದು, ಒಳಗಿನ ಊತ ಇಳಿಸುವಂಥದ್ದು. ಇನ್ನೊಂದು ಉಸಿರು ಕಟ್ಟಿದಾಗ ತಕ್ಷಣಕ್ಕೆ ನಾಳ ಸಡಿಲಿಸುವಂಥದ್ದು, ಹೆಚ್ಚಾಗಿ ಸಾಲ್ಬುಟಮಾಲ್. ಆರಾಮ ಇದ್ದೇನೆ ಎಂದು ಮೊದಲನೆಯದನ್ನು ಬಿಟ್ಟುಬಿಡುವುದು ನಮ್ಮ ಕಡೆ ತೀರಾ ಸಾಮಾನ್ಯ. ಬೂದಿ ಬೀಳುವ ದಿನ ಅಂಥವರೇ ಮೊದಲು ಕೆಳಗೆ ಬೀಳುವುದು.

ಇನ್ಹೇಲರ್ ಹಿಡಿದರೆ ಚಟವಾಗುತ್ತದೆ, ಅದು ಕೊನೆಯ ಔಷಧಿ, ಹುಡುಗಿಗೆ ಗಂಡು ಸಿಗುವುದಿಲ್ಲ ಎಂದು ಮುಚ್ಚಿಡುವ ಮನೆಗಳನ್ನು ನೋಡಿದ್ದೇನೆ. ನೋಡಿ ಹೊಟ್ಟೆ ಉರಿದಿದೆ. ಮಾತ್ರೆಯಾದರೆ ಇಡೀ ಮೈ ಸುತ್ತಿ ಬರಬೇಕು, ಇನ್ಹೇಲರ್‌ನಲ್ಲಿ ಅತಿ ಕಡಿಮೆ ಔಷಧಿ ನೇರ ಬೇಕಾದಲ್ಲಿಗೇ ಹೋಗುತ್ತದೆ. ಚಟ ಆಗುವುದಿಲ್ಲ.

ಪಫ್ ಮಾಡುವ ಇನ್ಹೇಲರ್ ಆದರೆ ಅದರ ಬಾಯಿಗೆ ಜೋಡಿಸುವ ಕೊಳವೆ, ಸ್ಪೇಸರ್, ಇಟ್ಟುಕೊಳ್ಳಿ. ಗಾಬರಿಯಲ್ಲಿ ಒತ್ತುವುದೂ ಎಳೆಯುವುದೂ ಒಟ್ಟಿಗೆ ಆಗದು, ಆಗ ಔಷಧಿಯೆಲ್ಲ ಗಂಟಲಿಗೆ ಬಡಿದು ಹಾಳು. ಪುಡಿಯ ಕ್ಯಾಪ್ಸೂಲ್ ಬಳಸುವವರು ಡಬ್ಬಿಯ ಮುಚ್ಚಳ ಬಿಗಿಯಾಗಿ ಹಾಕಿಡಬೇಕು, ನಮ್ಮ ಕರಾವಳಿಯ ಹವೆಗೆ ಅವು ಥಂಡಿ ಹಿಡಿದು ಮೆತ್ತಗಾಗುತ್ತವೆ. ಪರದೇಶಕ್ಕೆ ಹೋಗುವಾಗ ಒಂದು ಹೆಚ್ಚಿನ ಇನ್ಹೇಲರ್ ಕೈಚೀಲದಲ್ಲೇ ಇರಲಿ, ಲಗೇಜಿಗೆ ಹಾಕಬೇಡಿ. ಔಷಧಿಯ ಚೀಟಿಯ ಫೋಟೊ ಮೊಬೈಲಿನಲ್ಲಿ ಇರಲಿ. ಉಸಿರು ಕಟ್ಟಿದಾಗ ಎಷ್ಟು ಪಫ್, ಎಷ್ಟು ಹೊತ್ತಿಗೆ ಒಮ್ಮೆ ಎಂಬುದನ್ನು ನಿಮ್ಮ ಡಾಕ್ಟರಿಂದಲೇ ಬರೆಸಿಕೊಳ್ಳಿ. ನಮ್ಮ ಮನೆಯಲ್ಲಿ ಆ ಚೀಟಿ ಫ್ರಿಜ್ಜಿನ ಬಾಗಿಲ ಮೇಲೆ ಇದೆ.

ನಾಲ್ಕನೆಯ ಹೆಜ್ಜೆ: ಬೀಳುವ ಹೊತ್ತು

ಒಳಗೆ ಇರಿ. ಇದಕ್ಕಿಂತ ದೊಡ್ಡ ಉಪಾಯ ಇಲ್ಲ. ಕಿಟಕಿ ಬಾಗಿಲು ಹಾಕಿ, ಬಾಗಿಲಡಿಯ ಸಂದಿಗೆ ಒದ್ದೆ ಬಟ್ಟೆ ತುರುಕಿ. ಒದ್ದೆ ಬಟ್ಟೆಗೆ ಕೆಲಸ ಇರುವುದು ಇಲ್ಲಿ. ಹೊರಗಿನ ಗಾಳಿ ಎಳೆಯುವ ಎ.ಸಿ., ಎಗ್ಸಾಸ್ಟ್ ಫ್ಯಾನ್ ನಿಲ್ಲಿಸಿ. ನಮ್ಮಂಥ ಹಂಚಿನ ಮನೆಯನ್ನು ಪೂರ್ತಿ ಬಂದ್ ಮಾಡಲು ಆಗದು, ಹಂಚಿನ ಸಂದಿಯಲ್ಲೇ ಆಕಾಶ ಕಾಣುತ್ತದೆ. ಮುಚ್ಚಿಗೆ ಇರುವ ಒಂದು ಒಳಕೋಣೆ ಆರಿಸಿ ಮಕ್ಕಳು, ಮುದುಕರು, ದಮ್ಮಿನವರು ಅಲ್ಲಿ ಇರಲಿ. ಹಾಗೆ ಮುಚ್ಚಿದ ಕೋಣೆಯಲ್ಲಿ ಕಟ್ಟಿಗೆ ಒಲೆ, ಇದ್ದಿಲು, ಸೊಳ್ಳೆ ಬತ್ತಿ, ಊದುಬತ್ತಿ, ಬೀಡಿ ಏನೂ ಬೇಡ. ಬೂದಿಯಿಂದ ತಪ್ಪಿಸಿಕೊಂಡವರು ಇದ್ದಿಲಿನ ಹೊಗೆಗೆ ಸಾಯಬಾರದು.

ಹೊರಗೆ ಹೋಗಲೇಬೇಕಾದರೆ ಮಾಸ್ಕ್, ಕಣ್ಣಿಗೆ ಸುತ್ತ ಮುಚ್ಚುವ ಕನ್ನಡಕ, ತುಂಬು ತೋಳಿನ ಅಂಗಿ. ಕಾಂಟಾಕ್ಟ್ ಲೆನ್ಸ್ ತೆಗೆದಿಡಿ. ಕಣ್ಣಿಗೆ ಬಿದ್ದರೆ ಉಜ್ಜಬೇಡಿ, ಗಾಜಿನ ಚೂರು ಕರಿಗುಡ್ಡೆಯನ್ನೇ ಗೀರುತ್ತದೆ. ಧಾರಾಳ ನೀರಿನಲ್ಲಿ ತೊಳೆಯಿರಿ. ಬೈಕ್ ಓಡಿಸಬೇಡಿ, ಬೂದಿ ಬಿದ್ದ ಟಾರು ರಸ್ತೆ ಜಾರುತ್ತದೆ, ಮುಂದಿನ ಗಾಡಿ ಎಬ್ಬಿಸುವ ದೂಳಿನಲ್ಲಿ ಏನೂ ಕಾಣದು. ಮನೆಗೆ ಬಂದವರು ಹೊರಗಿನ ಬಟ್ಟೆಯನ್ನು ಜಗಲಿಯಲ್ಲೇ ಬಿಡಲಿ.

ತೆರೆದ ಬಾವಿಗೆ ಟಾರ್ಪಾಲು ಹೊದಿಸಿ ಕಲ್ಲಿಡಿ. ಮಾಡಿನ ನೀರು ಟ್ಯಾಂಕಿಗೆ ಹೋಗುವ ಪೈಪು ಕಳಚಿ. ದನಕರು ಇದ್ದವರು ಕೊಟ್ಟಿಗೆಯಲ್ಲೇ ಕಟ್ಟಿ, ಮುಚ್ಚಿಟ್ಟ ಹುಲ್ಲು ಹಾಕಿ. ಹೇಲಿ ಗುಬ್ಬಿಯ ಹತ್ತಿರದ ಅಫ್ದೇರಾದಲ್ಲಿ ಜನ ಪ್ರಾಣ ಉಳಿಸಿಕೊಂಡರು, ಹುಲ್ಲುಗಾವಲೆಲ್ಲ ಬೂದಿ ಮುಚ್ಚಿ ಜಾನುವಾರಿಗೆ ಮೇವಿಲ್ಲದಂತಾಯಿತು. ಕೆಲವು ಬೂದಿಯಲ್ಲಿ ಫ್ಲೋರೈಡ್ ಇರುತ್ತದೆ, ಅಂಥ ಹುಲ್ಲು ಮೇಯ್ದರೆ ವಿಷ. 1783ರಲ್ಲಿ ಐಸ್‌ಲ್ಯಾಂಡಿನ ಲಾಕಿ ಸಿಡಿದಾಗ ಅಲ್ಲಿನ ಕುರಿಗಳಲ್ಲಿ ಬಹುಪಾಲು ಸತ್ತದ್ದು ಹೀಗೆ.

ಐದನೆಯ ಹೆಜ್ಜೆ: ಗುಡಿಸಬೇಡಿ

ಬೂದಿ ನಿಂತ ಮೇಲೆ ಎಲ್ಲರೂ ಹಿಡಿಯುವುದು ಕಸಬರಿಗೆ. ಉಸಿರಿಗೆ ಬಹಳ ಕೆಟ್ಟ ಗಳಿಗೆ ಅದು. ನೆಲಕ್ಕೆ ಕೂತದ್ದನ್ನು ಮತ್ತೆ ಮೂಗಿನ ಎತ್ತರಕ್ಕೆ ಎಬ್ಬಿಸಿದಂತೆ. ಒಳಗಾದರೆ ಒದ್ದೆ ಬಟ್ಟೆಯಲ್ಲಿ ಒತ್ತಿ ಒತ್ತಿ ತೆಗೆಯಿರಿ. ಉಜ್ಜಿದರೆ ನೆಲವೂ ಗೀರಾಗುತ್ತದೆ. ಅಂಗಳಕ್ಕೆ ನೀರು ಚಿಮುಕಿಸಿ, ಮಣ್ಣು ವಾಸನೆ ಬರುವಷ್ಟು ಮಾತ್ರ. ಕೊಡಗಟ್ಟಲೆ ಹೊಯ್ದರೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತದೆ, ಗಟಾರ ಕಟ್ಟುತ್ತದೆ. ಸಲಿಕೆಯಲ್ಲಿ ಎತ್ತಿ ಚೀಲಕ್ಕೆ ತುಂಬಿ. ಮಾಸ್ಕ್ ಮುಖದ ಮೇಲೇ ಇರಲಿ. ಜಪಾನಿನ ಕಾಗೋಶಿಮಾದಲ್ಲಿ ಎದುರಿಗೇ ಇರುವ ಸಕುರಾಜಿಮಾ ಆಗಾಗ ಬೂದಿ ಉಗುಳುತ್ತದೆ. ಅಲ್ಲಿನ ನಗರಸಭೆ ಮನೆಮನೆಗೆ ಬೂದಿ ತುಂಬಲೆಂದೇ ಹಳದಿ ಚೀಲ ಹಂಚುತ್ತದೆ, ತುಂಬಿಟ್ಟದ್ದನ್ನು ಒಯ್ಯುತ್ತದೆ.

ಮಾಡು ಹತ್ತುವುದು ಅಪಾಯದ ಕೆಲಸ. ನಮ್ಮವರಿಗೆ ಹಂಚು ಕೈಯಾಡಿಸಿ ರೂಢಿ ಇದೆ, ಅದೇ ಧೈರ್ಯದಲ್ಲಿ ಹತ್ತಬೇಡಿ. ಬೂದಿಯ ಮೇಲೆ ಕಾಲು ನಿಲ್ಲುವುದಿಲ್ಲ. ಮಳೆ ಬಂದರೆ ಅದರ ಭಾರ ಒಣ ಬೂದಿಯ ದುಪ್ಪಟ್ಟಾಗಬಹುದು. 1991ರ ಜೂನ್‌ನಲ್ಲಿ ಫಿಲಿಪ್ಪೀನ್ಸಿನ ಪಿನಟುಬೊ ಸಿಡಿದಾಗ ಅದೇ ಹೊತ್ತಿಗೆ ಚಂಡಮಾರುತದ ಮಳೆ ಸುರಿದು, ನೆನೆದ ಬೂದಿಯ ಭಾರಕ್ಕೆ ಮಾಡು ಕುಸಿದೇ ಹೆಚ್ಚು ಜನ ಸತ್ತದ್ದು.

ಆರನೆಯ ಹೆಜ್ಜೆ: ಆಸ್ಪತ್ರೆಗೆ ಯಾವಾಗ

ಒಂದು ವಾಕ್ಯ ಪೂರ್ತಿ ಹೇಳಲಾರದೆ ನಡುವೆ ಉಸಿರಿಗೆ ನಿಲ್ಲುವುದು, ಪಕ್ಕೆಲುಬಿನ ನಡುವೆ ಚರ್ಮ ಒಳಗೆ ಸೆಳೆಯುವುದು, ತುಟಿ ಉಗುರು ನೀಲಿಯಾಗುವುದು, ಇನ್ಹೇಲರ್ ತೆಗೆದುಕೊಂಡರೂ ಕಡಿಮೆಯಾಗದಿರುವುದು, ಮಗು ಹಾಲು ಕುಡಿಯದೆ ಮಂಕಾಗುವುದು. ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ. ನಮ್ಮಲ್ಲಿ 108ಕ್ಕೆ ಫೋನ್ ಮಾಡಿ. ಬರುವವರೆಗೆ ಮಲಗಿಸಬೇಡಿ, ಮುಂದಕ್ಕೆ ಬಾಗಿ ಕೂರಿಸಿ, ಬರೆದುಕೊಟ್ಟಂತೆ ಪಫ್ ಕೊಡುತ್ತಿರಿ. ಎದೆಯಲ್ಲಿ ಸುಂಯ್ ಸದ್ದು ಒಮ್ಮೆಲೇ ನಿಂತು ರೋಗಿ ಸುಸ್ತಾದರೆ ಗುಣವಾಯಿತು ಎಂದುಕೊಳ್ಳಬೇಡಿ. ಗಾಳಿಯೇ ಓಡಾಡುತ್ತಿಲ್ಲ ಎಂಬ ಸೂಚನೆ ಅದು, ಎಲ್ಲಕ್ಕಿಂತ ತುರ್ತಿನದು.

ಬೂದಿ ಬಾರದ ಊರಿನ ಕಲ್ಲು ದೂಳು

ಹೇಲಿ ಗುಬ್ಬಿಯ ಬೂದಿ ಕುಮಟೆಗೆ ಬರಲಿಲ್ಲ. ನಮ್ಮ ಕ್ರಷರ್‌ಗಳ ಪುಡಿ ದಿನಾ ಬರುತ್ತದೆ. ಚಿರೆಕಲ್ಲು ಕೊಯ್ಯುವ ಮಶೀನಿನ ಕೆಂಪು ದೂಳು, ಗ್ರಾನೈಟ್ ಕತ್ತರಿಸುವ ಚಕ್ರದ ಬಿಳಿ ದೂಳು, ಹೆದ್ದಾರಿ ಕೆಲಸದ ದೂಳು. ಇವುಗಳಲ್ಲಿ ಶಿಲೆಕಲ್ಲಿನದು, ಜಲ್ಲಿಯದು ಸಿಲಿಕಾ ಹೆಚ್ಚಿರುವಂಥದ್ದು. ಮೇಲೆ ಬೂದಿಗೆ ಹೇಳಿದ ಮಾಸ್ಕ್, ಗುಡಿಸದೆ ಒದ್ದೆ ಮಾಡುವ ಕ್ರಮ, ಬಟ್ಟೆ ಹೊರಗೇ ಬಿಡುವ ಕ್ರಮ, ಎಲ್ಲವೂ ಇಲ್ಲಿಗೆ ಹಾಗೇ ಸಲ್ಲುತ್ತವೆ. ಶಿರಸಿ, ಸಿದ್ದಾಪುರದ ಕಡೆ ಚಾಲಿ, ಅಂದರೆ ಒಣಗಿಸಿದ ಅಡಿಕೆ, ಸುಲಿಯುವ ಮಶೀನಿನ ಮುಂದೆ ಕೂರುವವರಿಗೂ ಎನ್95 ಬೇಕು. ಅದು ಕಲ್ಲಿನ ದೂಳಲ್ಲದಿದ್ದರೂ ದಮ್ಮು ಕೆರಳಿಸಲು ಸಾಕು.

ಕಲ್ಲಿನ ಕೆಲಸದಲ್ಲಿ ಮಾಸ್ಕಿಗಿಂತ ಮೊದಲು ಬೇಕಾದದ್ದು ನೀರು. ಕತ್ತರಿಸುವ ಚಕ್ರದ ಮೇಲೆ, ಕ್ರಷರಿನ ಬಾಯಿಯ ಮೇಲೆ ನೀರು ಸಿಂಪಡಿಸುತ್ತಿದ್ದರೆ ದೂಳು ಹುಟ್ಟುವ ಜಾಗದಲ್ಲೇ ಕೂರುತ್ತದೆ. ಟವೆಲ್ಲಿಗೆ ಹಾಕುವ ನೀರನ್ನು ಕಲ್ಲಿಗೆ ಹಾಕಬೇಕಿತ್ತು. ಇದನ್ನು ಮಾಲೀಕರಿಂದ ಕೇಳಿ ಪಡೆಯುವುದು ನಿಮ್ಮ ಹಕ್ಕು. ಹಿಂದಿನ ಕಾರ್ಖಾನೆ ಕಾಯ್ದೆ, ಗಣಿ ಕಾಯ್ದೆಗಳಲ್ಲೂ, ಅವುಗಳ ಜಾಗಕ್ಕೆ 2025ರಲ್ಲಿ ಜಾರಿಗೆ ಬಂದ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಸಿಲಿಕೋಸಿಸ್ ಸರ್ಕಾರಕ್ಕೆ ವರದಿ ಮಾಡಲೇಬೇಕಾದ ರೋಗ. ಬಂದ ಮೇಲೆ ಗುಣವಾಗದು, ಕ್ಷಯ ತಗಲುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಬೀಡಿ ಸೇದುವವರಿಗೆ ಅದು ಇಮ್ಮಡಿ ಹೊಡೆತ.

ಕೆಮ್ಮು ಎಂದು ಡಾಕ್ಟರ ಹತ್ತಿರ ಹೋದಾಗ ಎಷ್ಟು ದಿನದಿಂದ ಕೆಮ್ಮು ಎಂಬುದಷ್ಟನ್ನೇ ಹೇಳಿ ಬರಬೇಡಿ. ಯಾವ ಕೆಲಸ, ಯಾವ ಕಲ್ಲು, ಎಷ್ಟು ವರ್ಷ, ಮುಖಕ್ಕೆ ಏನು ಕಟ್ಟಿಕೊಳ್ಳುತ್ತಿದ್ದಿರಿ, ಇದನ್ನು ಅವರು ಕೇಳದಿದ್ದರೂ ಹೇಳಿ. ಒಂದು ಚೀಟಿಯಲ್ಲಿ ಬರೆದುಕೊಂಡು ಹೋದರೆ ಮರೆಯುವುದಿಲ್ಲ.

ತಮ್ಮ ಮಸ್ಕತ್‌ನಿಂದ ರಜೆಗೆ ಬರುವಾಗ ಎನ್95ರ ಎರಡು ಡಬ್ಬಿ ತಂದಿದ್ದ. ಒಂದು ಅವನಿಗೆ. ಇನ್ನೊಂದನ್ನು ಚಿಕ್ಕಪ್ಪನ ಮಗನಿಗೆ ಕೊಟ್ಟೆ. ಅಪ್ಪ ಹೋದ ಕ್ರಷರಿಗೆ ಹೋಗುವುದಿಲ್ಲ ಎಂದವನು ಈಗ ಗ್ರಾನೈಟ್ ಕತ್ತರಿಸುವ ಕೆಲಸಕ್ಕೆ ಸೇರಿ ಆರು ವರ್ಷ. “ಸೆಕೆ ಆಗ್ತದೆ ಅಕ್ಕಾ” ಎಂದ. ಹಾಕಿಸಿ, ಅಂಗೈಯಿಂದ ಮುಚ್ಚಿಸಿ, ಉಸಿರೆಳೆಸಿ ನೋಡಿದೆ. ಎಡಗೆನ್ನೆಯ ಹತ್ತಿರ ಸಂದು ಇತ್ತು, ಪಟ್ಟಿ ಬಿಗಿದ ಮೇಲೆ ಸರಿಹೋಯಿತು. ಅವನ ಎಕ್ಸ್‌ರೇ ತೆಗೆಸಲು ಮುಂದಿನ ವಾರ ಕಾರವಾರಕ್ಕೆ ಹೋಗುವುದಿದೆ. ಚೀಟಿ ಬರೆದಿಟ್ಟಿದ್ದೇನೆ.